ಅಮ್ಮನಿಗೆ ಮನೆ ನೋಡುವಾಗ

ನಮ್ಮ ಕಡೆ 'ನರ್ಸಿಂಗ್ ಹೋಮ್' ಎಂದರೆ ಹೆರಿಗೆಗೆ, ಜ್ವರಕ್ಕೆ, ಅಪೆಂಡಿಕ್ಸ್ ಆಪರೇಷನ್ನಿಗೆ ಹೋಗುವ ಸಣ್ಣ ಖಾಸಗಿ ಆಸ್ಪತ್ರೆ. ನಾಲ್ಕು ದಿನ ಮಲಗಿ, ಬಿಲ್ಲು ಕಟ್ಟಿ, ಮನೆಗೆ ಮರಳುವ ಜಾಗ. ಅಮೆರಿಕ, ಇಂಗ್ಲೆಂಡುಗಳಲ್ಲಿ ಅದೇ ಮಾತಿಗೆ ಬೇರೆ ಅರ್ಥವಿದೆ. ಅಲ್ಲಿ ಅದು ವಯಸ್ಸಾದವರು, ಕೈಲಾಗದವರು ಹೋಗಿ ಸೇರುವ, ಹೆಚ್ಚಿನವರು ಮರಳಿ ಬಾರದ ಜಾಗ. ಅಂಥದ್ದನ್ನು ನಾವು ವೃದ್ಧಾಶ್ರಮ ಎನ್ನುತ್ತೇವೆ; ಆ ಪದವನ್ನು ಹೇಳುವಾಗ ನಮ್ಮ ದನಿ ತಾನಾಗಿಯೇ ಸ್ವಲ್ಪ ತಗ್ಗುತ್ತದೆ.

ಆದರೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಮನೆಗಳಲ್ಲಿ ಈ ಎರಡು ಅರ್ಥಗಳು ಒಂದಕ್ಕೊಂದು ಹತ್ತಿರ ಬರತೊಡಗಿವೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಮ್ಮನಿಗೆ ಆಪರೇಷನ್ ಆಗುತ್ತದೆ. ಹತ್ತನೆಯ ದಿನ ಡಾಕ್ಟರರು, 'ಇನ್ನು ಮನೆಗೆ ಕರೆದುಕೊಂಡು ಹೋಗಬಹುದು' ಎನ್ನುತ್ತಾರೆ. ಯಾವ ಮನೆಗೆ? ಹಿರಿಮಗ ದುಬೈಯಲ್ಲಿ, ಕಿರಿಯವ ಬೆಂಗಳೂರಿನಲ್ಲಿ. ಅಡಿಕೆ ತೋಟದ ನಡುವಿನ ಹಂಚಿನ ಮನೆಯಲ್ಲಿ ಅಮ್ಮ, ಒಂದು ನಾಯಿ, ಮತ್ತು ಬೆಳಗ್ಗೆ ಬಂದು ಮಧ್ಯಾಹ್ನ ಹೋಗುವ ಕೆಲಸದವಳು. ಮಗಳೊಬ್ಬಳಿದ್ದಾಳೆ; ಅವಳು ಇಸ್ರೇಲಿನಲ್ಲಿ ಯಾರದೋ ತಾಯಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಇದು ಉತ್ಪ್ರೇಕ್ಷೆಯಲ್ಲ. ನಮ್ಮ ಜಿಲ್ಲೆಯ ಅನೇಕ ಕ್ರೈಸ್ತ ಕುಟುಂಬಗಳು ಇಂದು ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು ಇಸ್ರೇಲಿನ ವೃದ್ಧರ ಹಾಸಿಗೆಯ ಪಕ್ಕದಲ್ಲಿ ದುಡಿದ ಹಣದಿಂದ. ಅಲ್ಲಿ ನಮ್ಮ ಹೆಣ್ಣುಮಕ್ಕಳು ಎಂಥ ತಾಳ್ಮೆಯಿಂದ ಶುಶ್ರೂಷೆ ಮಾಡುತ್ತಾರೆಂದು ಹೊರಗಿನವರು ಹೊಗಳುತ್ತಾರೆ. ಆ ತಾಳ್ಮೆಯನ್ನು ಕಲಿಸಿದ ತಾಯಿ ಇಲ್ಲಿ ಒಬ್ಬಳೇ ಇದ್ದಾಳೆ.

ಹೀಗಾಗಿ ಮಕ್ಕಳು ಫೋನಿನಲ್ಲಿ ಮಾತಾಡಿಕೊಂಡು ವೃದ್ಧಾಶ್ರಮಗಳನ್ನು ವಿಚಾರಿಸತೊಡಗುತ್ತಾರೆ. ಒಂದರಲ್ಲಿ ತಿಂಗಳಿಗೆ ಇಷ್ಟು, ಇನ್ನೊಂದರಲ್ಲಿ ಅಷ್ಟು. ಇಲ್ಲಿ ಕೋಣೆಗೆ ಹೊಂದಿಕೊಂಡ ಬಚ್ಚಲಿದೆ, ಅಲ್ಲಿ ಸಿಸ್ಟರುಗಳು ನಡೆಸುತ್ತಾರೆ, ಮತ್ತೊಂದು ಮಂಗಳೂರಿನಲ್ಲಿದೆ, ದೊಡ್ಡ ಆಸ್ಪತ್ರೆ ಹತ್ತಿರ. ಮದುವೆಗೆ ಹಾಲ್ ನೋಡಿದಂತೆ ಇದನ್ನೂ ನೋಡಲಾಗುತ್ತದೆ. ಈ ವಿಚಾರಣೆಯನ್ನು ನಾನು ಹೀಗಳೆಯುವುದಿಲ್ಲ. ವಿಚಾರಿಸದೆ ಎಲ್ಲೋ ಒಂದೆಡೆ ಸೇರಿಸುವುದಕ್ಕಿಂತ ಹತ್ತು ಕಡೆ ನೋಡಿ ಸೇರಿಸುವುದು ಖಂಡಿತ ಮೇಲು. ಆದರೂ ಒಂದು ಪ್ರಶ್ನೆಯಿದೆ. ಹೋಲಿಸುವವರು ಮಕ್ಕಳು, ಅಲ್ಲಿ ವಾಸಿಸಬೇಕಾದವರು ತಾಯಿ. ಹಾಗಾದರೆ ನಾವು ಅಳೆಯುತ್ತಿರುವುದು ಯಾರ ಸುಖವನ್ನು?

ಕೋಣೆಯ ಟೈಲ್ಸ್, ಗೇಟಿನ ಕಾವಲುಗಾರ, ಅಂಗಳದ ಹೂಕುಂಡ, ಆಫೀಸಿನಲ್ಲಿ ಮರ್ಯಾದೆಯಿಂದ ಕೊಡುವ ಕಾಫಿ, ಇವೆಲ್ಲ ಮಕ್ಕಳ ಕಣ್ಣಿಗೆ ಬೀಳುವ ಸಂಗತಿಗಳು. 'ಅಮ್ಮನನ್ನು ಒಳ್ಳೆಯ ಜಾಗದಲ್ಲಿ ಇಟ್ಟಿದ್ದೇವೆ' ಎಂದು ನೆಂಟರಿಷ್ಟರ ಮುಂದೆ ಹೇಳಲು ಇವು ಬೇಕಾಗುತ್ತವೆ. ಎಂಬತ್ತೆರಡು ವರ್ಷದ ಅಮ್ಮನಿಗೆ ಬೇಕಾದದ್ದು ಬೇರೆಯೇ ಇರಬಹುದು: ಬೆಳಗ್ಗಿನ ಕುಚ್ಚಲಕ್ಕಿ ಗಂಜಿ ಬಿಸಿಯಾಗಿರಬೇಕು, ರಾತ್ರಿ ಮೂರು ಗಂಟೆಗೆ ಮೂತ್ರಕ್ಕೆ ಏಳಬೇಕೆಂದಾಗ ಕರೆದರೆ ಯಾರಾದರೂ ಬರಬೇಕು, ಕೊಂಕಣಿಯಲ್ಲಿ ಜಪಸರ ಹೇಳಲು ಜೊತೆಗೊಬ್ಬರು ಇರಬೇಕು. ಈ ಮೂರೂ ಯಾವ ಆಶ್ರಮದ ಮುದ್ರಿತ ಪತ್ರಿಕೆಯಲ್ಲಿಯೂ ಕಾಣಸಿಗುವುದಿಲ್ಲ.

ಸಂತ ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಪುನರುತ್ಥಾನರಾದ ಯೇಸುಸ್ವಾಮಿ ಪೇತ್ರನಿಗೆ ಹೇಳುವ ಮಾತು ನಿಮಗೆ ನೆನಪಿರಬಹುದು. ಹರೆಯದಲ್ಲಿ ನೀನೇ ನಡುಕಟ್ಟಿಕೊಂಡು ಇಷ್ಟ ಬಂದಲ್ಲಿಗೆ ಹೋಗುತ್ತಿದ್ದೆ, ಮುದುಕನಾದಾಗ ಬೇರೊಬ್ಬನು ನಿನ್ನ ನಡುಕಟ್ಟಿ, ನಿನಗೆ ಇಷ್ಟವಿಲ್ಲದಲ್ಲಿಗೆ ಕೊಂಡೊಯ್ಯುವನು ಎಂಬ ಅರ್ಥದ ಮಾತದು. ಪೇತ್ರನ ರಕ್ತಸಾಕ್ಷಿ ಮರಣದ ಬಗೆಗೆ ಅದನ್ನು ಹೇಳಲಾಯಿತೆಂದು ಸುವಾರ್ತಾಕಾರರೇ ವಿವರಿಸುತ್ತಾರೆ. ಆದರೆ ಆಂಬುಲೆನ್ಸಿನ ಹಿಂದಿನ ಬಾಗಿಲಿನಿಂದ ಹಂಚಿನ ಮನೆಯನ್ನು ನೋಡುತ್ತ ಹೋಗುವ ಪ್ರತಿಯೊಬ್ಬ ಅಜ್ಜ ಅಜ್ಜಿಯ ಪಾಡೂ ಆ ವಾಕ್ಯದಲ್ಲಿ ಇದೆ ಎಂದು ನನಗೆ ತೋರುತ್ತದೆ.

ಹಾಗಾದರೆ ವೃದ್ಧಾಶ್ರಮಕ್ಕೆ ಸೇರಿಸುವುದು ಪಾಪವೇ? ನಾಲ್ಕನೆಯ ಕಟ್ಟಳೆಯ ಉಲ್ಲಂಘನೆಯೇ? ನಮ್ಮ ಧರ್ಮಕೇಂದ್ರಗಳಲ್ಲಿ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. 'ಹೆತ್ತವರನ್ನು ಆಶ್ರಮಕ್ಕೆ ತಳ್ಳಿದವರು' ಎಂಬುದು ಒಂದು. ಇದನ್ನು ಹೆಚ್ಚಾಗಿ ಹೇಳುವವರು ಒಂದು ರಾತ್ರಿಯೂ ಹಾಸಿಗೆ ಹಿಡಿದವರ ಬಟ್ಟೆ ಬದಲಾಯಿಸದವರು. 'ಕಾಲ ಬದಲಾಗಿದೆ, ಏನು ಮಾಡುವುದು' ಎಂಬುದು ಇನ್ನೊಂದು. ಈ ಎರಡನ್ನೂ ಬದಿಗಿಟ್ಟು ನೋಡಿದರೆ, ಕಟ್ಟಳೆ ಗೌರವವನ್ನು ಕೇಳುತ್ತದೆಯೇ ಹೊರತು ಯಾವ ಸೂರಿನಡಿ ಎಂದು ಹೇಳುವುದಿಲ್ಲ. ಹಳೆಯ ಒಡಂಬಡಿಕೆಯ ಸಿರಾಖನ ಗ್ರಂಥದ ಮೂರನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಂದೆಯ ಬುದ್ಧಿ ಮಂಕಾದರೂ ತಾಳಿಕೊಳ್ಳಬೇಕು, ನಮಗೆ ಬಲವಿದೆಯೆಂದು ಅವನನ್ನು ತಾತ್ಸಾರ ಮಾಡಬಾರದು ಎಂಬ ಬೋಧೆ ಕೊಡುತ್ತದೆ. ಮರೆವಿನ ರೋಗಕ್ಕೆ ಹೆಸರಿಡುವ ಎರಡು ಸಾವಿರ ವರ್ಷ ಮೊದಲೇ ಬರೆದದ್ದು ಅದು.

ಯೇಸುಸ್ವಾಮಿ ಖಂಡಿಸಿದ್ದು ಬೇರೊಂದು ನಡತೆಯನ್ನು. ಸಂತ ಮಾರ್ಕನ ಏಳನೆಯ ಅಧ್ಯಾಯದಲ್ಲಿ 'ಕೊರ್ಬಾನ್' ಎಂಬ ಪದ್ಧತಿಯ ಪ್ರಸ್ತಾಪವಿದೆ: ನಿಮಗೆ ಸಲ್ಲಬೇಕಾದದ್ದನ್ನು ದೇವರಿಗೆ ಮೀಸಲಿಟ್ಟಿದ್ದೇನೆ ಎಂದು ಹೇಳಿ ತಂದೆತಾಯಿಗಳಿಗೆ ಕೊಡದೆ ತಪ್ಪಿಸಿಕೊಳ್ಳುವುದು. ಪೂಜ್ಯವಾದ ಕಾರಣವೊಂದರ ಮರೆಯಲ್ಲಿ ಕರ್ತವ್ಯದಿಂದ ನುಣುಚಿಕೊಳ್ಳುವುದನ್ನು ಅವರು ಸಹಿಸಲಿಲ್ಲ. ಇಂದಿನ ಕೊರ್ಬಾನ್ ಯಾವುದು? ಮಕ್ಕಳ ವಿದ್ಯಾಭ್ಯಾಸ, ಮನೆಸಾಲ, ಪ್ರಮೋಷನ್. ಕೆಲವೊಮ್ಮೆ ಇಗರ್ಜಿಯ ಸಮಿತಿಯ ಕೆಲಸವೂ ಹೌದು. ಇವುಗಳಲ್ಲಿ ಯಾವುದು ನಿಜವಾದ ಅಡಚಣೆ, ಯಾವುದು ನೆಪ ಎಂಬುದು ಅವರವರ ಅಂತಃಸಾಕ್ಷಿಗೆ ಗೊತ್ತು. ಅದರಲ್ಲಿ ನಾನು ಕೈಹಾಕಲಾರೆ.

ಈಗ ಸಂತ ಜಾನ್ ಜುಗಾನ್‌ರವರ ಕಥೆ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಸೇಂತ್ ಸೆರ್ವಾನ್ ಎಂಬ ಊರಿನಲ್ಲಿ, 1839ರ ಚಳಿಗಾಲದಲ್ಲಿ, ಮನೆಗೆಲಸ ಮಾಡಿ ಬದುಕುತ್ತಿದ್ದ ಈ ಬಡ ಹೆಂಗಸು ಕಣ್ಣು ಕಾಣದ ಅನಾಥ ಮುದುಕಿಯೊಬ್ಬಳನ್ನು ತನ್ನ ಬಾಡಿಗೆ ಬಿಡಾರಕ್ಕೆ ಎತ್ತಿಕೊಂಡು ಬಂದು, ತನ್ನ ಸ್ವಂತ ಹಾಸಿಗೆಯಲ್ಲಿ ಮಲಗಿಸಿ, ತಾನು ಅಟ್ಟದ ಮೇಲೆ ಮಲಗಿದಳು. ಇದೇ ಮುಂದೆ 'ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪುವರ್' ಸಭೆಯಾಯಿತು. 1882ರಲ್ಲಿ ಕಲ್ಕತ್ತೆಗೂ 1900ರಲ್ಲಿ ಬೆಂಗಳೂರಿಗೂ ಬಂದ ಈ ಭಗಿನಿಯರು ಇಂದಿಗೂ ಬಡ ವೃದ್ಧರನ್ನು ನೋಡಿಕೊಳ್ಳುತ್ತಿದ್ದಾರೆ. ಸ್ಥಾಪಕಿಯನ್ನೇ ಅಧಿಕಾರದಿಂದ ಇಳಿಸಿ ಮೂಲೆಗೆ ಕೂರಿಸಲಾಯಿತು. 1879ರಲ್ಲಿ ತೀರಿಕೊಳ್ಳುವಾಗ ಆಕೆಯೇ ಸ್ಥಾಪಕಿಯೆಂದು ಕಿರಿಯ ಭಗಿನಿಯರಿಗೆ ತಿಳಿದಿರಲಿಲ್ಲ. 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟರು ಆಕೆಯನ್ನು ಸಂತಳೆಂದು ಸಾರಿದರು.

ಈ ಕಥೆಯನ್ನು ಹೇಳಿದ್ದು ಒಂದು ಕಾರಣಕ್ಕೆ. ಮೊದಲ 'ವೃದ್ಧಾಶ್ರಮ'ದ ಗುಣಮಟ್ಟವನ್ನು ನಮ್ಮ ಇಂದಿನ ಅಳತೆಗೋಲಿನಿಂದ ಅಳೆದಿದ್ದರೆ ಅದು ಎಲ್ಲದರಲ್ಲೂ ಸೋಲುತ್ತಿತ್ತು. ಇಕ್ಕಟ್ಟಾದ ಮೆಟ್ಟಿಲು, ಒಂದೇ ಹಾಸಿಗೆ, ಡಾಕ್ಟರಿಲ್ಲ. ಇದ್ದದ್ದು ಒಬ್ಬಾಕೆಯ ಗಮನ. ಹಾಗೆಂದು ಪ್ರೀತಿಯೊಂದಿದ್ದರೆ ಸಾಕು, ಸೌಕರ್ಯ ಬೇಡ ಎಂದು ಹೇಳಿಬಿಟ್ಟರೆ ಅದೂ ಮೋಸವೇ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ, ಸೊಂಟದಲ್ಲಿ ಹುಣ್ಣಾಗುತ್ತದೆ; ಎಷ್ಟೇ ಪ್ರೀತಿಯಿದ್ದರೂ ಆ ಹುಣ್ಣು ಕೊಳೆಯುತ್ತದೆ. ಕರುಣೆಯ ಹೆಸರಿನಲ್ಲಿ ಹತ್ತು ಜನರ ಜಾಗದಲ್ಲಿ ಮೂವತ್ತು ಜನರನ್ನು ತುಂಬಿ ನಡೆಸುವುದಕ್ಕೆ ನಾವು ಸಂತರ ಹೆಸರನ್ನು ಅಡ್ಡ ತರಬಾರದು. ನಮ್ಮ ಸಭೆಯವರು ನಡೆಸುತ್ತಾರೆ ಎಂಬುದಷ್ಟೇ ಗುಣಮಟ್ಟದ ಪ್ರಮಾಣಪತ್ರವಲ್ಲ. ಸಿಸ್ಟರುಗಳನ್ನು ಪ್ರಶ್ನೆ ಕೇಳಲು ನಮಗೆ ಸಂಕೋಚ. ಒಳ್ಳೆಯ ಸಿಸ್ಟರುಗಳಿಗೆ ಪ್ರಶ್ನೆ ಕೇಳಿಸಿಕೊಳ್ಳಲು ಸಂಕೋಚವಿರುವುದಿಲ್ಲ.

ಅಮೆರಿಕದಲ್ಲಿ ಈ ಅಳೆಯುವ ಕೆಲಸವನ್ನು ಸರಕಾರವೇ ಕೈಗೆತ್ತಿಕೊಂಡಿತು. 2008ರ ಡಿಸೆಂಬರಿನಿಂದ ಅಲ್ಲಿನ ಪ್ರತಿಯೊಂದು ನರ್ಸಿಂಗ್ ಹೋಮಿಗೆ ಒಂದರಿಂದ ಐದರವರೆಗೆ ನಕ್ಷತ್ರ ಕೊಡುವ ಪದ್ಧತಿ ಬಂತು. ತಪಾಸಣೆ, ಸಿಬ್ಬಂದಿಯ ಸಂಖ್ಯೆ, ವೃದ್ಧರ ಆರೋಗ್ಯದ ಲೆಕ್ಕ ಎಂಬ ಮೂರು ಆಧಾರಗಳ ಮೇಲೆ ನಕ್ಷತ್ರ. ಸರಕಾರಿ ತಪಾಸಕರು ಬಂದು ನೋಡಿದ್ದು ಮೊದಲನೆಯದನ್ನು ಮಾತ್ರ. ಉಳಿದೆರಡನ್ನು ಆಗ ನರ್ಸಿಂಗ್ ಹೋಮಿನವರೇ ಬರೆದು ಕೊಡುತ್ತಿದ್ದರು. ಐದು ನಕ್ಷತ್ರದ ಕೆಲವು ಕಡೆಗಳಲ್ಲಿ ವೃದ್ಧರ ಪಾಡು ಐದು ನಕ್ಷತ್ರದ್ದಾಗಿರಲಿಲ್ಲ ಎಂದು 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆದ ಮೇಲೆ ಪದ್ಧತಿಯನ್ನು ಬಿಗಿಗೊಳಿಸಿದರು. ತನ್ನ ಪರೀಕ್ಷೆಗೆ ತಾನೇ ಮಾರ್ಕು ಹಾಕಿಕೊಳ್ಳುವವನು ಎಲ್ಲಿ ತಾನೇ ಫೇಲಾಗುತ್ತಾನೆ! ಆದರೂ ಅಲ್ಲಿ ಒಂದು ಅಳತೆಗೋಲಾದರೂ ಇದೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮುಗಳಿಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ನೋಂದಣಿ ಕಡ್ಡಾಯ, ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ವೃದ್ಧಾಶ್ರಮದ ವಿಷಯದಲ್ಲಿ ಮಕ್ಕಳೇ ತಪಾಸಕರಾಗಬೇಕು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ವೃದ್ಧಾಶ್ರಮದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ನಡೆಸಿ 1976ರಲ್ಲಿ ಪ್ರಕಟಿಸಿದ ಪ್ರಯೋಗವದು. ಒಂದು ಅಂತಸ್ತಿನ ವೃದ್ಧರಿಗೆ, ನಿಮ್ಮ ಕೋಣೆ ಹೇಗಿರಬೇಕೆಂದು ನೀವೇ ತೀರ್ಮಾನಿಸಿ ಎಂದು ಹೇಳಿ, ಬೇಕಾದವರು ಒಂದು ಗಿಡವನ್ನು ಆರಿಸಿಕೊಂಡು ನೀರೆರೆದು ಸಾಕಿಕೊಳ್ಳಿ ಎಂದರು. ಇನ್ನೊಂದು ಅಂತಸ್ತಿನವರಿಗೆ, ನಿಮ್ಮ ಯೋಗಕ್ಷೇಮವೆಲ್ಲ ನಮ್ಮ ಹೊಣೆ ಎಂದು ಹೇಳಿ, ಗಿಡವನ್ನು ಕೊಟ್ಟು, ನರ್ಸುಗಳೇ ನೀರು ಹಾಕುತ್ತಾರೆ ಎಂದರು. ಆಹಾರ, ಔಷಧಿ, ಕಟ್ಟಡ ಎರಡೂ ಕಡೆ ಒಂದೇ. ಮೂರು ವಾರಗಳಲ್ಲಿ ಮೊದಲ ಗುಂಪಿನವರು ಹೆಚ್ಚು ಗೆಲುವಾಗಿ, ಹೆಚ್ಚು ಚುರುಕಾಗಿ ಕಂಡರು. 1991ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಬಿಲ್ ಥಾಮಸ್ ಎಂಬ ಡಾಕ್ಟರರು ತಾವು ಕೆಲಸಕ್ಕಿದ್ದ ನರ್ಸಿಂಗ್ ಹೋಮಿಗೆ ಎರಡು ನಾಯಿ, ನಾಲ್ಕು ಬೆಕ್ಕು, ನೂರು ಗಿಳಿಮರಿಗಳನ್ನು ತಂದುಬಿಟ್ಟರು. ಬೇಸರ, ಒಂಟಿತನ, ನಿಸ್ಸಹಾಯಕತೆ ಎಂಬ ಮೂರು ಪಿಡುಗುಗಳಿಗೆ ಗುಳಿಗೆಯಿಲ್ಲ ಎಂಬುದು ಅವರ ವಾದ.

ಈಗ ಬೆಳ್ತಂಗಡಿ ಕಡೆಯ ಒಬ್ಬ ಅಮ್ಮನನ್ನು ನೆನೆಯಿರಿ. ಕೋಳಿಗೆ ನುಚ್ಚು ಹಾಕಿದವರು, ಅಂಗಳದಲ್ಲಿ ಅಡಿಕೆ ಒಣಗಿಸಿದವರು, ಮಲ್ಲಿಗೆ ಕಟ್ಟಿದವರು, ಬೀಡಿ ಸುತ್ತಿ ಮಕ್ಕಳ ಫೀಸು ಕಟ್ಟಿದವರು. ಅವರನ್ನು ಹೊಳೆಯುವ ನೆಲದ ಕೋಣೆಯಲ್ಲಿ ಕೂರಿಸಿ, 'ನೀವು ಏನೂ ಮಾಡಬೇಡಿ, ಆರಾಮವಾಗಿರಿ' ಎಂದು ಹೇಳುವುದನ್ನು ನಾವು ಉತ್ತಮ ಸೌಕರ್ಯ ಎನ್ನುತ್ತೇವೆ. ಎರಡು ಆಶ್ರಮಗಳನ್ನು ಹೋಲಿಸುವಾಗ ನಾನಾದರೆ ಮೊದಲು ಕೇಳುವುದು ಇದನ್ನೇ: ಇಲ್ಲಿ ಇವರಿಗೆ ಮಾಡಲು ಏನಿದೆ? ತರಕಾರಿ ಹೆಚ್ಚಲು ಬಿಡುತ್ತೀರಾ? ಹಿತ್ತಿಲಿನಲ್ಲಿ ಎರಡು ಬಸಳೆ ಬಳ್ಳಿ ನೆಡಬಹುದೇ?

ಆಮೇಲೆ ಭಾಷೆ. ಮರೆವಿನ ರೋಗ ಬಂದವರಲ್ಲಿ ಕಡೆಗೆ ಕಲಿತ ಭಾಷೆ ಮೊದಲು ಹೋಗಿ, ಎಳವೆಯ ಭಾಷೆ ಕೊನೆಯವರೆಗೆ ಉಳಿಯುವುದು ಸಾಮಾನ್ಯ. ನಮ್ಮ ತಾಲೂಕಿನಲ್ಲಿ ಕೆಲವರಿಗೆ ಅದು ಕೊಂಕಣಿ, ಕೆಲವರಿಗೆ ತುಳು, ಕೇರಳದಿಂದ ಬಂದು ನೆಲೆಸಿದವರಿಗೆ ಮಲಯಾಳ. ಕನ್ನಡವನ್ನು ಶಾಲೆಯಲ್ಲಿ ಕಲಿತ ಅಜ್ಜಿ ಒಂದು ದಿನ ಕನ್ನಡದಲ್ಲಿ ನೀರು ಕೇಳುವುದನ್ನೂ ಮರೆಯಬಹುದು. ಆಗ ಪಕ್ಕದಲ್ಲಿರುವ ಹುಡುಗಿಗೆ ಹಿಂದಿ ಮಾತ್ರ ಬರುವುದಾದರೆ, ಆ ಕೋಣೆಯಲ್ಲಿ ಎ.ಸಿ. ಇದ್ದು ಏನು ಉಪಯೋಗ? ಇದರ ಜೊತೆಗೆ ಕರೆಯುವ ರೀತಿ. ಊರಿನಲ್ಲಿ ಎಲ್ಲರೂ ಅವರನ್ನು 'ಬಾಯಮ್ಮ' ಎಂದು, ಅವರ ಗಂಡನನ್ನು 'ಪೊರ್ಬುಗಳು' ಎಂದು ಕರೆದವರು. ಅಲ್ಲಿ ಅವರನ್ನು ಹೆಸರು ಹಿಡಿದು ಮಾತಾಡಿಸುತ್ತಾರೋ, 'ಏ ಅಜ್ಜಿ' ಎನ್ನುತ್ತಾರೋ, ಅಥವಾ 'ಆರನೆಯ ಬೆಡ್' ಎನ್ನುತ್ತಾರೋ ಎಂದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಕಿವಿಗೊಡಿ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಇಂಥ ಸಂದರ್ಭಕ್ಕೆ ಹುಟ್ಟಿದ್ದಿರಬೇಕು. ಫೋನು ಮಾಡಿ, ಸಮಯ ಗೊತ್ತುಮಾಡಿಕೊಂಡು, ಬೆಳಗ್ಗೆ ಹತ್ತಕ್ಕೆ ಹೋದರೆ ಎಲ್ಲವೂ ಚಂದವೇ. ಭಾನುವಾರ ಮಧ್ಯಾಹ್ನ ಮೂರಕ್ಕೆ, ಅಥವಾ ಸಂಜೆ ಏಳಕ್ಕೆ ಹೋಗಿ ನೋಡಿ. ರಾತ್ರಿ ಊಟವನ್ನು ಐದೂವರೆಗೇ ಮುಗಿಸಿ ದೀಪ ಆರಿಸುವ ಜಾಗಗಳುಂಟು. ಅದು ವೃದ್ಧರ ಹಸಿವಿನ ಸಮಯವೋ ಸಿಬ್ಬಂದಿಯ ಅನುಕೂಲದ ಸಮಯವೋ ಎಂದು ವಿಚಾರಿಸಬೇಕು. ಮೂತ್ರದ ವಾಸನೆ ಇದೆಯೇ ಎಂದು ಎಲ್ಲರೂ ನೋಡುತ್ತಾರೆ, ಅತಿಯಾದ ಫಿನಾಯಿಲಿನ ವಾಸನೆಯನ್ನೂ ಗಮನಿಸಿ. ಅಲ್ಲಿರುವವರ ಉಗುರು ನೋಡಿ. ನೀರಿನ ಲೋಟ ಕೈಗೆಟಕುವಂತೆ ಇದೆಯೇ, ಗೋಡೆಯ ಬದಿಯ ಮೇಜಿನ ಮೇಲೆ ಇದೆಯೇ ನೋಡಿ. ರಾತ್ರಿ ಎಷ್ಟು ಜನರಿಗೆ ಎಷ್ಟು ಮಂದಿ ಎಚ್ಚರವಿರುತ್ತಾರೆ ಎಂಬ ಪ್ರಶ್ನೆಗೆ ಸರಿಯಾದ ಸಂಖ್ಯೆಯ ಉತ್ತರ ಬರಬೇಕು. 'ಯಾರಾದರೂ ಇರುತ್ತಾರೆ' ಎಂಬುದು ಉತ್ತರವಲ್ಲ. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಈಗ ನಡೆದಾಡುವ ಅಮ್ಮ ನಾಳೆ ಹಾಸಿಗೆ ಹಿಡಿದರೆ, ಮಕ್ಕಳ ಗುರುತು ಮರೆತರೆ ಇಟ್ಟುಕೊಳ್ಳುತ್ತೀರಾ ಎಂದು ಮೊದಲ ದಿನವೇ ಕೇಳಿ. ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರನ್ನು ಮಾತ್ರ ಇಟ್ಟುಕೊಳ್ಳುವ ಆಶ್ರಮಗಳು ಬಹಳ. ಅಂಥಲ್ಲಿ ಅಗತ್ಯ ಹೆಚ್ಚಿದಾಗಲೇ 'ಕರೆದುಕೊಂಡು ಹೋಗಿ' ಎಂಬ ಫೋನು ಬರುತ್ತದೆ.

ಮಂಗಳೂರಿನ ದೊಡ್ಡ ಆಶ್ರಮವೋ, ಹತ್ತಿರದ ಚಿಕ್ಕದೋ ಎಂಬ ತೂಗುವಿಕೆಯಲ್ಲಿ ನನ್ನ ಮತ ಹತ್ತಿರದ್ದರ ಕಡೆಗೆ. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಆಸ್ಪತ್ರೆಯಿದೆ, ಸರಕಾರಿ ವೆನ್ಲಾಕ್ ಇದೆ, ಜೆಪ್ಪುವಿನಲ್ಲಿ ತಲೆಮಾರುಗಳಿಂದ ಅನಾಥ ವೃದ್ಧರನ್ನು ಸಲಹುತ್ತ ಬಂದಿರುವ ಸಂತ ಅಂತೋನಿ ಆಶ್ರಮವಿದೆ. ಎದೆನೋವು ಬಂದರೆ ಮಂಗಳೂರೇ ಮೇಲು ಎಂಬುದು ನಿಜ. ಆದರೆ ಎದೆನೋವು ಯಾವಾಗಲೋ ಒಮ್ಮೆ ಬರುವುದು. ಸಂಜೆಯ ಹೊತ್ತು ದಿನವೂ ಬರುತ್ತದೆ. ಉಜಿರೆಯಲ್ಲೋ ಮಡಂತ್ಯಾರಿನಲ್ಲೋ ಇದ್ದರೆ ಇಗರ್ಜಿಗೆ ಬಂದ ನೆರೆಯವಳು ಹಾಗೇ ಹೊಕ್ಕು ಮಾತಾಡಿಸಿಕೊಂಡು ಹೋಗುತ್ತಾಳೆ, ವಾಳೆಯ ಗುರಿಕಾರರು ಬರುತ್ತಾರೆ, ಸ್ವಂತ ಧರ್ಮಗುರುಗಳು ಪರಮಪ್ರಸಾದ ತರುತ್ತಾರೆ. ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು, ಹೊಳೆಗಳು ಉಕ್ಕಿ, ಈ ತಾಲೂಕಿನ ಹಲವು ಊರುಗಳಿಗೆ ಹೋಗುವುದೇ ಅಸಾಧ್ಯವಾಗಿತ್ತು. ಯಾರೂ ಬಂದು ನೋಡದ ವೃದ್ಧರಿಗೂ, ವಾರಕ್ಕೆ ಎರಡು ಸಲ ಯಾರಾದರೂ ಬಂದು ನೋಡುವ ವೃದ್ಧರಿಗೂ ಒಂದೇ ಸೂರಿನಡಿ ಒಂದೇ ಬಗೆಯ ಆರೈಕೆ ಸಿಗುತ್ತದೆ ಎಂದು ನಂಬುವುದು ಮನುಷ್ಯ ಸ್ವಭಾವವನ್ನು ಅರಿಯದ ಮಾತು. ಆಶ್ರಮದ ಗುಣಮಟ್ಟದ ಒಂದು ದೊಡ್ಡ ಪಾಲು ನಾವು ಎಷ್ಟು ಸಲ ಗೇಟು ದಾಟಿ ಒಳಗೆ ಹೋಗುತ್ತೇವೆ ಎಂಬುದರಲ್ಲೇ ಇದೆ.

ಇನ್ನು ಹೋಲಿಕೆಯಲ್ಲಿ ನಾವು ಎಂದೂ ಸೇರಿಸದ ಒಂದು ಮನೆಯುಂಟು: ನಮ್ಮದೇ ಮನೆ. ಅದಕ್ಕೆ ನಾವು ಕೇಳದೆಯೇ ಐದು ನಕ್ಷತ್ರ ಕೊಟ್ಟುಬಿಡುತ್ತೇವೆ. ಆಶ್ರಮಕ್ಕೆ ಕೇಳಿದ ಪ್ರಶ್ನೆಗಳನ್ನೇ ಮನೆಗೂ ಕೇಳೋಣ. ರಾತ್ರಿ ಎಚ್ಚರವಿರುವವರು ಯಾರು? ದಿನಕ್ಕೆ ಎಷ್ಟು ಹೊತ್ತು ಅಮ್ಮನೊಡನೆ ಯಾರಾದರೂ ಮಾತಾಡುತ್ತಾರೆ? 'ನಾವು ಅಮ್ಮನನ್ನು ಮನೆಯಲ್ಲೇ ಇಟ್ಟುಕೊಂಡಿದ್ದೇವೆ' ಎಂದು ಹೆಮ್ಮೆಪಡುವ ಗಂಡುಮಕ್ಕಳ ಮನೆಯಲ್ಲಿ ಅಮ್ಮನಿಗೆ ಸ್ನಾನ ಮಾಡಿಸುವವಳು ಸೊಸೆ. ಬೆಳಗ್ಗೆ ಟಿಫಿನ್ ಕಟ್ಟಿ, ಶಾಲೆಯ ವ್ಯಾನಿಗೆ ಮಕ್ಕಳನ್ನು ಹತ್ತಿಸಿ, ತಾನೂ ಕೆಲಸಕ್ಕೆ ಹೋಗಿ ಬಂದು, ರಾತ್ರಿ ಡಯಾಪರ್ ಬದಲಿಸುವವಳು ಅವಳೇ. ನಾಲ್ಕನೆಯ ಕಟ್ಟಳೆಯನ್ನು ಮಗ ಪಾಲಿಸಿದ ಪುಣ್ಯ, ಸೊಸೆಯ ಬೆನ್ನು ನೋವು! ಅವಳು ಒಂದು ದಿನ ಸಿಡುಕಿದರೆ ಊರೆಲ್ಲ ಸುದ್ದಿ.

ಹೋಮ್ ನರ್ಸನ್ನು ಇಟ್ಟುಕೊಳ್ಳುವುದು ಈಗ ಹೆಚ್ಚುತ್ತಿದೆ. ಏಜೆನ್ಸಿಯವರು ಕಳಿಸುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ನರ್ಸಿಂಗ್ ಕಲಿತವರಲ್ಲ, ಬಡತನದಿಂದ ಬಂದವರು. ಒಳ್ಳೆಯವರು ಸಿಕ್ಕಿದರೆ ಮಗಳಿಗಿಂತ ಹೆಚ್ಚು. ಆದರೆ ಮಕ್ಕಳೆಲ್ಲ ಹೊರಗಿದ್ದು, ಸಿ.ಸಿ. ಕ್ಯಾಮರಾದಲ್ಲಿ ದುಬೈಯಿಂದ ನೋಡುತ್ತ, ಹೊರಗಿನಿಂದ ಬೀಗ ಹಾಕಿದ ಮನೆಯಲ್ಲಿ ಅಮ್ಮ ಮತ್ತು ಅಪರಿಚಿತ ಹುಡುಗಿ ಇಬ್ಬರೇ ಇರುವುದು ಆಶ್ರಮಕ್ಕಿಂತ ಮೇಲೆಂದು ಹೇಗೆ ಹೇಳುವುದು? ಅಲ್ಲಾದರೆ ಪಕ್ಕದ ಹಾಸಿಗೆಯಲ್ಲಿ ಜಗಳವಾಡಲಿಕ್ಕಾದರೂ ಇನ್ನೊಬ್ಬರಿರುತ್ತಾರೆ.

ಮನೆಯಲ್ಲೇ ಇಟ್ಟುಕೊಳ್ಳಬೇಕಾದರೆ ಮನೆಯವರಿಗೆ ಸಹಾಯ ಬೇಕು. ನೆರೆಯ ಕೇರಳದಲ್ಲಿ, ಕೋಯಿಕ್ಕೋಡಿನಲ್ಲಿ 1993ರಲ್ಲಿ ಚಿಕ್ಕದಾಗಿ ಆರಂಭವಾದ ಪಾಲಿಯೇಟಿವ್ ಆರೈಕೆಯ ಕೆಲಸ ಊರೂರಿಗೆ ಹಬ್ಬಿತು. ಸ್ವಲ್ಪ ತರಬೇತಿ ಪಡೆದ ಊರವರೇ ಸರದಿಯಂತೆ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಹುಣ್ಣು ತೊಳೆಯುತ್ತಾರೆ, ಮನೆಯವರಿಗೆ ಎರಡು ಗಂಟೆ ಬಿಡುವು ಕೊಡುತ್ತಾರೆ. 2008ರಲ್ಲಿ ಅಲ್ಲಿನ ಸರಕಾರ ಅದನ್ನು ತನ್ನ ನೀತಿಯಾಗಿ ಮಾಡಿಕೊಂಡಿತು. ನಮ್ಮಲ್ಲಿ ವಾಳೆಗಳಿವೆ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಿದೆ, ಯುವಜನರಿದ್ದಾರೆ. 2021ರಲ್ಲಿ ಪೋಪ್ ಫ್ರಾನ್ಸಿಸರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ವೃದ್ಧರ ದಿನವೆಂದು ಗೊತ್ತುಮಾಡಿದ ಮೇಲೆ ನಾವು ಆ ದಿನ ಹಿರಿಯರಿಗೆ ಹೂ ಕೊಟ್ಟು, ಫೋಟೋ ತೆಗೆದು, ಕೇಕು ಹಂಚುತ್ತೇವೆ. ಇಗರ್ಜಿಗೆ ಬರಲಾರದ ಹಿರಿಯರು ಆ ಫೋಟೋದಲ್ಲಿ ಇರುವುದಿಲ್ಲ.

ದುಡ್ಡಿಲ್ಲದವರ ವಿಷಯವನ್ನೂ ಹೇಳಬೇಕು, ಏಕೆಂದರೆ ಹೋಲಿಸಿ ಆರಿಸುವ ಭಾಗ್ಯ ಎಲ್ಲರಿಗೂ ಇಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಸಂರಕ್ಷಣೆಗಾಗಿ 2007ರಲ್ಲಿ ಬಂದ ಕೇಂದ್ರ ಕಾಯಿದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ನೋಡಿಕೊಳ್ಳದ ಮಕ್ಕಳ ವಿರುದ್ಧ ಅಸಿಸ್ಟೆಂಟ್ ಕಮಿಷನರರ ಮುಂದೆ ಅರ್ಜಿ ಕೊಡಬಹುದು. ಬೆಳ್ತಂಗಡಿಯವರಿಗೆ ಅದು ಪುತ್ತೂರಿನಲ್ಲಿ. ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು. ವೃದ್ಧರನ್ನು ಕೈಬಿಟ್ಟು ಹೋದರೆ ಮೂರು ತಿಂಗಳವರೆಗೆ ಸೆರೆವಾಸವುಂಟು. ಜಿಲ್ಲೆಗೊಂದರಂತೆ, ಕನಿಷ್ಠ 150 ಬಡ ವೃದ್ಧರಿಗೆ ಸ್ಥಳವಿರುವ ಆಶ್ರಮವನ್ನು ರಾಜ್ಯ ಸರಕಾರ ಸ್ಥಾಪಿಸಬಹುದು ಎಂದೂ ಅದರಲ್ಲಿದೆ. ಸ್ಥಾಪಿಸಬಹುದು ಎಂದಿದೆ, ಸ್ಥಾಪಿಸಬೇಕು ಎಂದಿಲ್ಲ. ಹಿರಿಯರ ಸಹಾಯವಾಣಿಯ ಸಂಖ್ಯೆ 14567. ಮತ್ತೆ, ಜಾಗವನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಹಿರಿಯರು, ತಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ. ಷರತ್ತು ಮುರಿದರೆ ಆ ಪತ್ರವನ್ನು ರದ್ದುಗೊಳಿಸಲು ಅದೇ ಕಾಯಿದೆಯ 23ನೆಯ ಕಲಮು ದಾರಿ ಮಾಡಿಕೊಡುತ್ತದೆ. 'ಮಕ್ಕಳ ಮೇಲೆ ನಂಬಿಕೆಯಿಲ್ಲವೇ' ಎಂದು ಯಾರಾದರೂ ಕೇಳಿದರೆ, ನಂಬಿಕೆ ಇರುವ ಮಕ್ಕಳಿಗೆ ಆ ಸಾಲಿನಿಂದ ಏನೂ ನಷ್ಟವಿಲ್ಲ ಎನ್ನಿ.

ಇಷ್ಟೆಲ್ಲ ನೋಡಿ, ವಿಚಾರಿಸಿ, ಅಮ್ಮನ ಬಳಿ ಬಂದು ಹೇಳುತ್ತೀರಿ. ಅವರು, 'ನೀವು ಹೇಳಿದ ಹಾಗೆ' ಎನ್ನುತ್ತಾರೆ. ಇದನ್ನು ಒಪ್ಪಿಗೆಯೆಂದು ತಿಳಿಯಬೇಡಿ. ಜೀವಮಾನವೆಲ್ಲ ಮನೆಯಲ್ಲಿ ಉಳಿದದ್ದನ್ನು ಉಂಡು 'ನನಗೆ ಸಾಕು' ಎಂದವರು ಅವರು. ಸಾಧ್ಯವಿದ್ದರೆ ಅವರನ್ನೇ ಕರೆದುಕೊಂಡು ಹೋಗಿ ಎರಡು ಕಡೆ ತೋರಿಸಿ. ಅಲ್ಲಿನ ಬೆಂಚಿನ ಮೇಲೆ ಕೂರಲಿ, ಅಲ್ಲಿರುವವರೊಡನೆ ಮಾತಾಡಲಿ, ಅಲ್ಲಿನ ಗಂಜಿಯನ್ನು ಒಮ್ಮೆ ಉಣ್ಣಲಿ. ಮಕ್ಕಳು ತಿಂಗಳುಗಟ್ಟಲೆ ಹೋಲಿಸಿ ಕಂಡುಕೊಳ್ಳಲಾರದ್ದನ್ನು ಅವರು ಒಂದು ಸಂಜೆಯಲ್ಲಿ ಹೇಳಬಹುದು. ಬೇಡವೆಂದು ಹೇಳಲೂಬಹುದು. ಆಗ ಆ 'ಬೇಡ'ವನ್ನು ಹಟವೆಂದು ತಳ್ಳಿಹಾಕದೆ, ಯಾವುದು ಬೇಡ ಎಂದು ಇನ್ನೊಮ್ಮೆ ಕೇಳಿ. ಜಾಗವೋ, ಮನೆ ಬಿಡುವುದೋ, ಅಥವಾ ತೀರಿಕೊಂಡರೆ ತಮ್ಮ ಯಜಮಾನರ ಪಕ್ಕದಲ್ಲಿ, ಸ್ವಂತ ಇಗರ್ಜಿಯ ಸ್ಮಶಾನದಲ್ಲಿ ಮಣ್ಣು ಮಾಡಲಾರರು ಎಂಬ ಭಯವೋ? ಕೊನೆಯದಾದರೆ ಅದಕ್ಕೆ ಮಾತು ಕೊಡುವುದು ಸುಲಭ. ಧರ್ಮಗುರುಗಳ ಎದುರಿನಲ್ಲೇ ಕೊಟ್ಟರೆ ಅವರು ಆ ರಾತ್ರಿ ನೆಮ್ಮದಿಯಿಂದ ಮಲಗಿಯಾರು.

ಒಪ್ಪಿ ಹೋದರೂ ಮೊದಲಿಗೆ ಒಂದು ತಿಂಗಳ ಮಟ್ಟಿಗೆಂದು ಹೋಗಲಿ. ಅವರ ಪೆಟ್ಟಿಗೆ, ಶಿಲುಬೆ, ಯಜಮಾನರ ಫೋಟೋ, ಹಳೆಯ ಹೊದಿಕೆ ಜೊತೆಗೆ ಹೋಗಲಿ. ಅವಕ್ಕೆ ಜಾಗ ಕೊಡುವುದಿಲ್ಲ ಎನ್ನುವ ಆಶ್ರಮವನ್ನು ಪಟ್ಟಿಯಿಂದ ತೆಗೆದುಬಿಡಿ. ಆ ತಿಂಗಳು ಮುಗಿಯುವವರೆಗಾದರೂ ಮನೆಯಲ್ಲಿ ಅವರ ಮಂಚ ಬಿಚ್ಚಬೇಡಿ, ಅವರ ಕೋಣೆಯಲ್ಲಿ ಅಡಿಕೆ ಚೀಲ ತುಂಬಬೇಡಿ. ಬಂದು ನೋಡಬೇಕೆಂದು ಅವರು ಹೇಳಿದ ದಿನ, ಬಾಡಿಗೆ ಕಾರು ಮಾಡಿಕೊಂಡಾದರೂ ಕರೆದುಕೊಂಡು ಬನ್ನಿ.